ಹತ್ತರಿಂದ ಐದರವರೆಗೆ ಅಪೂರ್ಣ

ಸಾಹಿತಿಯ ಮನೆಯನ್ನು ಸ್ಮಾರಕವನ್ನಾಗಿ ಮಾಡಲು ಸಾಹಿತಿ ತೀರಿಕೊಂಡಿರಲೇಬೇಕೆಂದು ನಮ್ಮ ಇಲಾಖೆಯ ಯಾವ ನಿಯಮದಲ್ಲೂ ಹೇಳಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಏಕೆಂದರೆ ಸ್ಮಾರಕ ನೋಡಲು ಬಂದವರಲ್ಲಿ ಅನೇಕರು, ಲೇಖಕಿಯವರು ಒಳಕೋಣೆಯಿಂದ ಬಂದು ಕೆಮ್ಮಿದಾಗ ಗಾಬರಿಯಾಗುತ್ತಾರೆ. ಅದಕ್ಕಾಗಿ ಗೇಟಿನ ಬಳಿ ನಾನೇ ಒಂದು ಬೋರ್ಡು ಬರೆಸಿ ಹಾಕಿಸಿದ್ದೇನೆ: "ಲೇಖಕಿಯವರು ಬದುಕಿದ್ದಾರೆ. ಸಾರ್ವಜನಿಕರು ಸಹಕರಿಸಬೇಕು."

ನಾನು ಈ ಸ್ಮಾರಕದ ಪಾಲಕ. ಇದಕ್ಕೆ ಮೊದಲು ಒಂದು ಕೆರೆಯ ಪಾಲಕನಾಗಿದ್ದೆ. ಅದು ಬತ್ತಿಹೋದದ್ದರಿಂದ ಇಲ್ಲಿಗೆ ವರ್ಗವಾಯಿತು.

ಹಿಂದೆಲ್ಲ ನಮ್ಮ ಇಲಾಖೆ ಸಾಹಿತಿಗಳು ತೀರಿಕೊಳ್ಳುವವರೆಗೂ ತಾಳ್ಮೆಯಿಂದ ಕಾಯುತ್ತಿತ್ತು. ಕಾದು ಕೆಟ್ಟಿತು ಎನ್ನಬೇಕು. ಶ್ರದ್ಧಾಂಜಲಿ ಸಭೆ ಮುಗಿಸಿ, ಭಾಷಣಗಳನ್ನು ಮುದ್ರಿಸಿ, ಹಾರ ಹಿಡಿದು ಹೋಗುವಷ್ಟರಲ್ಲಿ ಮಕ್ಕಳು ಮನೆಯನ್ನು ಮಾರಿರುತ್ತಿದ್ದರು. ಒಬ್ಬ ದೊಡ್ಡ ಕಾದಂಬರಿಕಾರರ ಮನೆಗೆ ನಾವು ಹೋದಾಗ ಅಲ್ಲಿ ಟೈರಿನ ಅಂಗಡಿ ಇತ್ತು. ಮಂಜೂರಾದ ಫಲಕವನ್ನು ವಾಪಸು ತರಲು ಅವಕಾಶವಿಲ್ಲದ್ದರಿಂದ ಟೈರುಗಳ ನಡುವೆಯೇ ಅದನ್ನು ಹೊಡೆದು ಬಂದೆವು. ಅಂಗಡಿಯವನು ಅದಕ್ಕೆ ಗಾಳಿ ಹಾಕುವ ಪೈಪು ನೇತು ಹಾಕುತ್ತಾನೆಂದು ಕೇಳಿದ್ದೇನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಇನ್ನು ಸಾಕು ಎಂದು ನಮ್ಮ ನಿರ್ದೇಶಕರು ತೀರ್ಮಾನಿಸಿದರು. ವರ್ಷದ ಕೊನೆ ಹತ್ತಿರ ಬಂದಿತ್ತು, ಅನುದಾನ ಖರ್ಚಾಗದೆ ಉಳಿದಿತ್ತು. ಅದು ಹಿಂದಿರುಗಿ ಹೋಗುವುದನ್ನು ಕಣ್ಣಾರೆ ನೋಡುವಷ್ಟು ಗಟ್ಟಿ ಮನಸ್ಸು ಅವರದಲ್ಲ. ಹೀಗೆ ಮುಂಜಾಗ್ರತಾ ಸ್ಮಾರಕ ಯೋಜನೆ ಹುಟ್ಟಿತು, ಮತ್ತು ಅದರ ಮೊದಲ ಫಲಾನುಭವಿಯಾಗಿ ಲೇಖಕಿಯವರನ್ನು ಆರಿಸಲಾಯಿತು. ನಾಲ್ಕು ಕವನ ಸಂಗ್ರಹ, ಮೂರು ಕಾದಂಬರಿ, ಬೆರಳೆಣಿಕೆಗೆ ಸಿಗದಷ್ಟು ಪ್ರಶಸ್ತಿ, ಮೇಲಾಗಿ ಮನೆ ಬಸ್ ಸ್ಟಾಪಿಗೆ ಹತ್ತಿರ.

ಲೇಖಕಿಯವರ ಜೀವನ ಚರಿತ್ರೆಯನ್ನು ಇಲಾಖೆಯ ನಮೂನೆಯಲ್ಲಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಉದ್ಯೋಗ: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಈಗ ನಿವೃತ್ತಿ. ಇಡೀ ಊರಿನ ಮಾತನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಚುಚ್ಚುತ್ತ ಕೂತವರು. ವಿವಾಹ: ಬಸ್ ಕಂಡಕ್ಟರರೊಂದಿಗೆ. ಪ್ರೇರಣೆ ಎಂಬ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲಿ ಟಿಕೆಟಿನ ಹಿಂದೆ ನಾಲ್ಕು ಸಾಲು ಬರೆದುಕೊಂಡಿದ್ದರಂತೆ. ಕಂಡಕ್ಟರು ತಪಾಸಣೆಗೆಂದು ಟಿಕೆಟು ತೆಗೆದುಕೊಂಡು, ಹಿಂದೆ ತಿರುಗಿಸಿ, ಸಾಲುಗಳನ್ನು ನಿಧಾನವಾಗಿ ಓದಿ, ವಾಪಸು ಕೊಡುತ್ತ "ರೈಟ್" ಅಂದರಂತೆ. ಅಂದಿದ್ದು ಡ್ರೈವರಿಗೋ ತನಗೋ ಗೊತ್ತಾಗಲಿಲ್ಲ, ಅದನ್ನು ಖಚಿತಪಡಿಸಿಕೊಳ್ಳಲು ಮದುವೆಯಾದೆ ಎಂದರು ಲೇಖಕಿಯವರು.

ಅಲ್ಲಿಂದ ಅವರ ಬರವಣಿಗೆಯ ಪದ್ಧತಿ ಬದಲಾಗಿಲ್ಲ. ಮಹಡಿಗೆ ಹತ್ತುವ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಒಂದು ರಟ್ಟು ಇಟ್ಟುಕೊಂಡು ಬರೆಯುತ್ತಾರೆ. ಒಂದು ವಾಕ್ಯ ಆದ ಕೂಡಲೇ ಗಟ್ಟಿಯಾಗಿ ಓದುತ್ತಾರೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಯಜಮಾನರು "ರೈಟ್" ಅಂದರೆ ವಾಕ್ಯ ಉಳಿಯುತ್ತದೆ. "ಹೋಲ್ಡಾನ್" ಅಂದರೆ ಅಡ್ಡಗೀಟು ಬೀಳುತ್ತದೆ. ಯಾಕೆ ಎಂದು ಇವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಅಪರೂಪಕ್ಕೊಮ್ಮೆ ಮಾತ್ರ, "ಸೀಟಿಲ್ದೆ ಇರೋ ಪದಾನ ಯಾಕೆ ಹತ್ತಿಸ್ತೀಯಾ" ಎಂದು ಗೊಣಗುತ್ತಾರಂತೆ. ಲೇಖಕಿಯವರ ಶೈಲಿಯ ಸಂಯಮದ ಬಗ್ಗೆ ಒಬ್ಬ ಪ್ರಾಧ್ಯಾಪಕರು ದಪ್ಪನೆಯ ಗ್ರಂಥವನ್ನೇ ಬರೆದಿದ್ದಾರೆ. ಅದರಲ್ಲಿ ಕಂಡಕ್ಟರರ ಉಲ್ಲೇಖ ಇಲ್ಲ.

ಸ್ಮಾರಕಕ್ಕೆ ಒಪ್ಪಿಗೆ ಪತ್ರದ ಮೇಲೆ ಸಹಿ ಹಾಕಿದ್ದು ಕೂಡ ಯಜಮಾನರೇ. ಪತ್ರದಲ್ಲಿ ಕಟ್ಟಡದ ಸಂರಕ್ಷಣೆ ಎಂದು ಬರೆದಿತ್ತು. ಮನೆ ಸೋರುತ್ತಿತ್ತು, ಸರಿಮಾಡಿಸಿ ಕೊಡುತ್ತಾರೆಂದು ಪಾಪ ಅವರು ತಿಳಿದರು. ನಮ್ಮ ಎಂಜಿನಿಯರು ಬಂದು ನೋಡಿ, ಸೋರಿಕೆಯು ಲೇಖಕಿಯವರ ಕಾಲದ್ದೇ ಆಗಿರುವುದರಿಂದ ಅದನ್ನು ಯಥಾಸ್ಥಿತಿಯಲ್ಲಿ ಸಂರಕ್ಷಿಸತಕ್ಕದ್ದು ಎಂದು ವರದಿ ಕೊಟ್ಟರು. ಸೋರುವಲ್ಲಿ ಇಡುತ್ತಿದ್ದ ಬಕೆಟಿಗೂ ಒಂದು ಸಂಖ್ಯೆ ಬಿತ್ತು.

ದಾಸ್ತಾನು ಮಾಡಲು ನಾವು ಹೋದ ದಿನ ಬಾಗಿಲು ಹಾಕಿತ್ತು. ನಾನೇ ತಟ್ಟಿದೆ. ಲೇಖಕಿಯವರು ಮೆಟ್ಟಿಲ ಮೇಲೆ ಕೂತು ನಾಲ್ಕನೇ ಕಾದಂಬರಿಯ ಕೊನೆಯ ಅಧ್ಯಾಯ ಬರೆಯುತ್ತಿದ್ದವರು ಎದ್ದು ಬಂದು ತೆಗೆದರು. ಒಂದು ವಾಕ್ಯ ಅರ್ಧಕ್ಕೆ ನಿಂತಿದೆ, ಮುಗಿಸಿ ಬರುತ್ತೇನೆ, ಕೂತಿರಿ ಎಂದರು. ಆದರೂ ಮೊದಲು ನಮಗೆಲ್ಲ ಕುಡಿಯಲು ನೀರು ತಂದುಕೊಟ್ಟರು. ಉಪಕಾರ ಮಾಡಲು ಹೋಗಿ ಕೆಟ್ಟರು ಅನ್ನುವುದು ಇದಕ್ಕೇ. ನಾವು ನೀರು ಕುಡಿಯುವಷ್ಟರಲ್ಲಿ ಚುರುಕಿನವನಾದ ನಮ್ಮ ಗುಮಾಸ್ತ ಮೆಟ್ಟಿಲ ಮೇಲಿದ್ದ ಹಾಳೆಗಳಿಗೆ ಮೊಹರು ಹಾಕಿ ದಾಸ್ತಾನು ಪುಸ್ತಕದಲ್ಲಿ ಬರೆದುಬಿಟ್ಟಿದ್ದ: "ಕಾದಂಬರಿ, ಒಂದು, ಅಪೂರ್ಣ."

ಕೊನೆಯ ಸಾಲು ಹೀಗಿತ್ತು: "ಅವಳು ಬಾಗಿಲು ತಟ್ಟಲು ಕೈ ಎತ್ತಿದಳು, ಆದರೆ"

ಒಂದೇ ಒಂದು ಸಾಲು ಬರೆಯುತ್ತೇನೆ ಎಂದು ಲೇಖಕಿಯವರು ಪೆನ್ನು ಹಿಡಿದು ನಿಂತರು. ದಾಸ್ತಾನಾದ ವಸ್ತುವಿನ ಸ್ಥಿತಿಯನ್ನು ಬದಲಾಯಿಸುವುದು ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದಂತೆ ಎಂದು ನಾನು ವಿನಯದಿಂದಲೇ ತಿಳಿಸಿದೆ. ಇದು ನಾನು ಬರೆದದ್ದು ಎಂದರು ಅವರು. ಬರೆದವರು ನೀವೇ, ಆದರೆ ಈಗ ನೀವು ನಿಮ್ಮ ಸ್ಮಾರಕದಲ್ಲಿ ನಿಂತಿದ್ದೀರಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ನಂತರದ ಕೆಲಸ ಸುಸೂತ್ರವಾಗಿ ನಡೆಯಿತು. ಪ್ರಶಸ್ತಿ ಫಲಕಗಳಲ್ಲಿ ಅತಿ ಭಾರವಾದದ್ದು ಮಂಚದ ಗಿಡ್ಡ ಕಾಲಿನ ಕೆಳಗೆ ಸಿಕ್ಕಿತು. ಅದನ್ನು ತೆಗೆದು ಗೋಡೆಗೆ ಹಾಕಿದೆವು. ಅಂದಿನಿಂದ ಮಂಚ ಅಲ್ಲಾಡುತ್ತದೆ, ಆದರೆ ಸಾಹಿತ್ಯಕ್ಕೆ ಸಲ್ಲಬೇಕಾದ ಗೌರವ ಸಂದಿದೆ. ಹಾಳೆಗಳನ್ನು ಇಡಲು ಗಾಜಿನ ಪೆಟ್ಟಿಗೆಯ ಟೆಂಡರು ಕರೆದಾಗ ಅದು ನ್ಯಾಯಬದ್ಧವಾಗಿ ನಿರ್ದೇಶಕರ ಭಾವಮೈದುನನಿಗೆ ಸಿಕ್ಕಿತು. ಆತ ಮೀನಿನ ತೊಟ್ಟಿ ಮಾಡುವವನು. ಹಾಗಾಗಿ ಪೆಟ್ಟಿಗೆಯ ತಳದಲ್ಲಿ ಬಣ್ಣದ ಕಲ್ಲುಗಳೂ ಮೂಲೆಯಲ್ಲಿ ಗುಳ್ಳೆ ಬಿಡುವ ಯಂತ್ರವೂ ಇವೆ. ನೀರು ಮಾತ್ರ ಬೇಡ ಎಂದು ನಾನು ಲಿಖಿತವಾಗಿ ತಿಳಿಸಿ ಹಸ್ತಪ್ರತಿಯನ್ನು ಉಳಿಸಿದೆ.

ಸ್ಮಾರಕ ಎಂದ ಮೇಲೆ ಬರೆಯುವ ಮೇಜು ಇರಲೇಬೇಕು. ಮೂಗಿಗಿಂತ ಮೂಗುತಿ ಭಾರ ಎಂಬಂತೆ ಅರ್ಧ ಕೋಣೆ ತುಂಬುವ ಮೇಜೊಂದು ಬಂತು. ಜನ ಅದರ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಇದರ ಮುಂದೆ ಒಂದು ದಿನವೂ ಕೂತಿಲ್ಲ ಎಂದು ಲೇಖಕಿಯವರು ಮೊದಮೊದಲು ಅವರಿಗೆಲ್ಲ ಹೇಳುತ್ತಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದೆ.

"ಅಮ್ಮಾ, ಕೂತಿಲ್ಲ ಅನ್ನೋದು ನಿಜ ಇರ್ಬಹುದು. ಆದ್ರೆ ಬಂದೋರ ಮನಸ್ಸು ಯಾಕೆ ಮುರೀತೀರಿ?"

"ಸರಿ. ಹಾಗಿದ್ರೆ ಕೂತಿದ್ದೆ ಅಂತ್ಲೇ ಇಟ್ಕೊಳ್ಳಿ," ಎಂದರು. ಹೊಂದಿಕೊಳ್ಳುವ ಸ್ವಭಾವ. ಅವರನ್ನು ಸ್ಮಾರಕ ಮಾಡಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ದಂಪತಿಗಳಿಗೆ ಹಿಂದಿನ ಕೋಣೆಯನ್ನು ಬಿಟ್ಟುಕೊಡಲಾಯಿತು. ಯಜಮಾನರಿಗೆ ಕೆಲಸವೂ ಸಿಕ್ಕಿತು. ಸ್ಮಾರಕಕ್ಕೆ ಟಿಕೆಟು ಕೊಡಲು ಅನುಭವಸ್ಥರು ಬೇಕು ಎಂದು ಪ್ರಕಟಣೆ ಹೊರಡಿಸಿದಾಗ ಅವರಿಗಿಂತ ಅನುಭವಸ್ಥರು ಯಾರೂ ಬರಲಿಲ್ಲ. ನಿವೃತ್ತಿಯಾದ ಮೇಲೆ ಮೊಳೆಗೆ ನೇತು ಹಾಕಿದ್ದ ಚರ್ಮದ ಚೀಲವನ್ನು ತೆಗೆದು ಒರೆಸಿ ಭುಜಕ್ಕೆ ಹಾಕಿಕೊಂಡರು. ಆ ಮನುಷ್ಯ ಅಂದು ಒಂದು ಗೇಣು ಎತ್ತರವಾದರು. ಸಾಲಿನಲ್ಲಿ ನಿಂತವರಿಗೆಲ್ಲ "ಮುಂದೆ ಹೋಗಿ, ಮುಂದೆ ಖಾಲಿ ಇದೆ, ಮೇಜಿನ ಹತ್ರ ಹೋಗಿ" ಎನ್ನುತ್ತ ತಮ್ಮ ಮನೆಯೊಳಗೆ ಜನರನ್ನು ತುಂಬುವುದನ್ನು ನೋಡುವುದೇ ಒಂದು ಆನಂದ.

ಅದೇ ವರ್ಷ ದೊಡ್ಡ ಪ್ರಶಸ್ತಿ ಬಂತು. ಇಷ್ಟು ವರ್ಷ ಮುಗಿದ ಕೃತಿಗಳಿಗೆ ಮಾತ್ರ ಕೊಡುತ್ತಿದ್ದರು. ಮುಗಿದ ಕೃತಿಯನ್ನು ಓದಬೇಕಾಗುತ್ತದೆ ಎಂದು ತೀರ್ಪುಗಾರರು ಹಿಂದೆಯೇ ಆಕ್ಷೇಪಣೆ ಸಲ್ಲಿಸಿದ್ದರು. ಆದ್ದರಿಂದ ಅಪೂರ್ಣ ಕೃತಿ ಎಂಬ ಹೊಸ ವಿಭಾಗ ತೆರೆದು, ಅದರ ಪ್ರಥಮ ಗೌರವವನ್ನು ಗಾಜಿನ ತೊಟ್ಟಿಯಲ್ಲಿದ್ದ ಕಾದಂಬರಿಗೆ ಕೊಟ್ಟರು. ತೀರ್ಪುಗಾರರ ಅಧ್ಯಕ್ಷರು ಸಂಯಮದ ಗ್ರಂಥ ಬರೆದ ಆ ಪ್ರಾಧ್ಯಾಪಕರೇ. "ಆದರೆ" ಎಂಬಲ್ಲಿ ಲೇಖಕಿ ಉದ್ದೇಶಪೂರ್ವಕವಾಗಿ ನಿಂತಿದ್ದಾರೆ, ಅದರಾಚೆಗೆ ಇರುವುದು ಮನುಕುಲದ ಮೌನ ಎಂದು ಅವರು ಭಾಷಣ ಮಾಡಿದರು. ಆಚೆಗೆ ಇದ್ದದ್ದು ನಾವು ನಾಲ್ಕು ಜನ, ನೀರು ಕುಡಿಯುತ್ತ. ಇದನ್ನು ನಾನು ವೇದಿಕೆಯ ಮೇಲೆ ಹೇಳಲು ಹೋಗಲಿಲ್ಲ. ಪ್ರಾಧ್ಯಾಪಕರ ಕೈಕೆಳಗೆ ಆ ಒಂದು ಪದದ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರಿಗೆ ಈಗ ಕೆಲಸವೂ ಸಿಕ್ಕಿದೆ, ಕೆಲವರಿಗೆ ಹೆಣ್ಣೂ ಸಿಕ್ಕಿದೆ.

ಹೀಗೆ ಕೆಲವು ವರ್ಷ ಕಳೆದು, ಎಲ್ಲರಿಗೂ ಒಳ್ಳೆಯದಾಯಿತು ಎಂದುಕೊಂಡಿರುವಾಗ ಲೇಖಕಿಯವರು ಅರ್ಜಿ ಕೊಟ್ಟರು. ಕಾದಂಬರಿಯನ್ನು ಮುಗಿಸಲು ಅನುಮತಿ ಕೊಡಬೇಕು ಎಂದು.

ನಾನು ಕಾರಣ ಕೇಳಿದೆ. ಅರ್ಜಿಯಲ್ಲಿ ಕಾರಣದ ಅಂಕಣ ಇರುವುದರಿಂದ ಕೇಳಲೇಬೇಕಾಯಿತು. ಅವರು ಮೆಟ್ಟಿಲ ಮೇಲೆ ಕೂತು, ನನ್ನನ್ನೂ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು ಹೇಳಿದರು. ಕಾದಂಬರಿಯ ಹುಡುಗಿ ಅವರ ತಂಗಿ. ಈ ಮನೆ ಅವರ ಅಪ್ಪನದು. ತಂಗಿ ಹೊಲಿಗೆ ಕಲಿಯುತ್ತೇನೆಂದು ಅಪ್ಪನ ಮಾತು ಮೀರಿ ಬೇರೆ ಊರಿಗೆ ಹೋದಳು. ವರ್ಷಗಳಾದ ಮೇಲೆ ಅಪ್ಪನಿಗೆಂದು ಒಂದು ಅಂಗಿ ಹೊಲಿದುಕೊಂಡು ಬಂದು ಇದೇ ಬಾಗಿಲು ತಟ್ಟಿದಳು. ಅಪ್ಪ ಒಳಗಿದ್ದೂ ತೆಗೆಯಲಿಲ್ಲ. ಲೇಖಕಿಯವರು ಆಗ ಎಕ್ಸ್‌ಚೇಂಜಿನಲ್ಲಿ ಡ್ಯೂಟಿಯಲ್ಲಿದ್ದರು. ಸಂಜೆ ಬಂದಾಗ ಬಾಗಿಲ ಹಿಡಿಕೆಗೆ ಅಂಗಿ ನೇತಾಡುತ್ತಿತ್ತು, ತಂಗಿ ಇರಲಿಲ್ಲ. ಆಮೇಲೆ ಅಕ್ಕ ತಂಗಿ ಮದುವೆ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ, ನಗುತ್ತಾರೆ, ಫೋನಿನಲ್ಲಿ ದಿನಾ ಮಾತಾಡುತ್ತಾರೆ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಆದರೆ ತಂಗಿ ಮಾತ್ರ ಈ ಹೊಸ್ತಿಲು ತುಳಿದಿಲ್ಲ.

"ಎಷ್ಟು ಕರೆದರೂ ಬರಲ್ಲ ಅವಳು," ಎಂದರು ಲೇಖಕಿಯವರು. "ಕೊನೆಗೆ ಒಂದು ಮಾತು ಕೊಟ್ಟಿದಾಳೆ. ಪುಸ್ತಕದಲ್ಲಿ ಅವಳನ್ನ ಒಳಗೆ ಕರ್ಕೋಬೇಕು. ಅದನ್ನ ಓದಿದ ದಿನ ಅವಳು ಬರ್ತಾಳೆ. ನನಗೆ ಎಪ್ಪತ್ತು ದಾಟಿತು. ಅವಳಿಗೂ ಮಂಡಿ ನೋವು. ಇನ್ನೆಷ್ಟು ದಿನ ಅವಳನ್ನ ಬಾಗಿಲಲ್ಲಿ ನಿಲ್ಲಿಸ್ಲಿ?"

ನನಗೆ ಸಂಕಟವಾಯಿತು. ಕಾರಣದ ಅಂಕಣ ಚಿಕ್ಕದಾದ್ದರಿಂದ "ಕೌಟುಂಬಿಕ" ಎಂದು ಬರೆದು ಮೇಲೆ ಕಳಿಸಿದೆ.

ಅರ್ಜಿಯನ್ನು ಪರಿಶೀಲಿಸಲು ನಿರ್ದೇಶಕರು, ಪ್ರಾಧ್ಯಾಪಕರು ಮತ್ತು ಗಾಜಿನ ತಜ್ಞರೆಂದು ಭಾವಮೈದುನ, ಹೀಗೆ ಮೂವರ ಸಮಿತಿ ಕೂತಿತು. ಪ್ರಾಧ್ಯಾಪಕರು ಬಹಳ ನೊಂದಿದ್ದರು. ಕಾದಂಬರಿ ಮುಗಿದರೆ ಅದು ಮುಗಿದಿಲ್ಲವೆಂದು ಸಾಧಿಸಿದ ಪದವಿಗಳ ಗತಿಯೇನು, ಹೆಣ್ಣು ಕೊಟ್ಟವರಿಗೆ ಏನು ಉತ್ತರ ಎಂದು ಕೇಳಿದರು. ಭಾವಮೈದುನ ತೊಟ್ಟಿ ತೆರೆಯುವುದಾದರೆ ಗ್ಯಾರಂಟಿ ಹೋಗುತ್ತದೆ ಎಂದ. ತೀರ್ಮಾನ ಹೀಗೆ ಬಂತು: "ಲೇಖಕಿಯವರು ತಮ್ಮ ಕೃತಿಯನ್ನು ಪೂರ್ಣಗೊಳಿಸಲು ಇಲಾಖೆಯ ಅಭ್ಯಂತರವಿಲ್ಲ. ಆದರೆ ಅದು ಅಪೂರ್ಣವಾಗಿಯೇ ಉಳಿಯತಕ್ಕದ್ದು."

ಬೇರೆ ಹಾಳೆಯಲ್ಲಿ ಬರೆದರೆ ಆಗದೇ ಎಂದು ಓದುವವರು ಕೇಳಬಹುದು. ಲೇಖಕಿಯವರಿಗೂ ಅದು ಹೊಳೆದಿತ್ತು. ಬಾಗಿಲು ಹಾಕಿದ ಮೇಲೆ ಮೆಟ್ಟಿಲ ಮೇಲೆ ಕೂತು ಹೊಸ ಹಾಳೆ ತೆಗೆದರು. ಒಂದು ವಾಕ್ಯ ಬರೆದು ಗಟ್ಟಿಯಾಗಿ ಓದಿದರು.

ಕಿಟಕಿ ಪಕ್ಕದಿಂದ ಯಜಮಾನರು "ಹೋಲ್ಡಾನ್" ಎಂದರು.

ಅಡ್ಡಗೀಟು ಹಾಕಿ ಇನ್ನೊಂದು ಬರೆದರು. ಹೋಲ್ಡಾನ್. ಮಾರನೆಯ ದಿನವೂ ಹೋಲ್ಡಾನ್. ವಾರಗಳು ಕಳೆದವು. ಬಾಗಿಲು ತೆರೆಯಿತು ಎಂದರೆ ಹೋಲ್ಡಾನ್, ಕಿಟಕಿ ತೆರೆಯಿತು ಎಂದರೂ ಹೋಲ್ಡಾನ್. ಒಮ್ಮೆ ಬೇಸತ್ತು ಆ ಮನೆಗೆ ಬಾಗಿಲೇ ಇರಲಿಲ್ಲ ಎಂದು ಬರೆದರಂತೆ, ಅದಕ್ಕೂ ಅದೇ. ಇಡೀ ವೃತ್ತಿ ಜೀವನದಲ್ಲಿ ಯಜಮಾನರ ಮಾತು ಮೀರಿ ಒಂದು ವಾಕ್ಯ ಉಳಿಸಿಕೊಂಡವರಲ್ಲ ಅವರು. ಮೀರಿದರೆ ಬರೆಯಲು ಬರುವುದೇ ಇಲ್ಲ, ಕೈ ನಡೆಯುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ತಂಗಿ ಫೋನಿನಲ್ಲಿ ನಕ್ಕಳಂತೆ.

ನಾನು ಯಜಮಾನರನ್ನು ಟಿಕೆಟು ಕಟ್ಟೆಯ ಬಳಿ ವಿಚಾರಿಸಿದೆ. ಅವರು ಚೀಲದ ಪಟ್ಟಿಯನ್ನು ನೀವುತ್ತ ನಿಂತರು.

"ಮುಗೀತು ಅಂದ್ರೆ ಪ್ರಶಸ್ತಿ ಹೋಗುತ್ತೆ. ಪ್ರಶಸ್ತಿ ಹೋದ್ರೆ ಜನ ಬರಲ್ಲ. ಜನ ಬರ್ದಿದ್ರೆ ಈ ಚೀಲ ಮತ್ತೆ ಮೊಳೆಗೆ," ಎಂದರು. "ರಿಟೈರ್ ಆದ್ಮೇಲೆ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ ಸಾರ್. ಈಗ ದಿನಾ ಜನ ಕೈ ಚಾಚ್ತಾರೆ."

"ವಾಕ್ಯ ಚೆನ್ನಾಗಿತ್ತಾ?"

"ಎಲ್ಲಾ ಚೆನ್ನಾಗಿದ್ವು." ಹಾಗೆಂದು ಅವರು ಆ ಕಡೆ ತಿರುಗಿ, ಯಾರೂ ಇಲ್ಲದ ಸಾಲಿಗೆ ಮುಂದೆ ಹೋಗಿ ಎಂದರು.

ಅತ್ತ ದರಿ ಇತ್ತ ಪುಲಿ ಎಂದರೆ ಇದು. ನನಗೆ ಅವರ ಮೇಲೆ ಸಿಟ್ಟು ಬಂತು, ಮತ್ತು ಬಂದ ಸಿಟ್ಟಿಗೆ ನಾಚಿಕೆಯೂ ಆಯಿತು. ಕೆರೆ ಬತ್ತಿದ ಮೇಲೂ ನಾನು ಒಂದು ವರ್ಷ ಅದರ ದಂಡೆಯಲ್ಲಿ ಸೀಟಿ ಹಿಡಿದು ಕೂತಿದ್ದವನು. ಲೇಖಕಿಯವರಿಗೆ ಎಲ್ಲವೂ ಗೊತ್ತಿತ್ತು. ನಲವತ್ತು ವರ್ಷ ಕೇಳಿದ ದನಿಯಲ್ಲಿ ನಿಜ ಯಾವುದು ಸುಳ್ಳು ಯಾವುದು ಎಂದು ಟೆಲಿಫೋನಿನಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅವರು ಅಡ್ಡಗೀಟು ಹಾಕುತ್ತಲೇ ಹೋದರು.

ಕೊನೆಗೆ ತಂಗಿಯೇ ಫೋನು ಮಾಡಿದಳು. ನೀನು ಬರೆಯುವಂತಿಲ್ಲ, ನಾನು ಓದುವಂತಿಲ್ಲ, ಹೀಗೇ ಆದರೆ ಇಬ್ಬರನ್ನೂ ಒಟ್ಟಿಗೆ ದಾಸ್ತಾನು ಮಾಡುತ್ತಾರೆ ಎಂದಳಂತೆ. ಆಮೇಲೆ, "ಟಿಕೆಟ್ ತಗೊಂಡು ಬರ್ತೀನಿ. ಟಿಕೆಟ್ ತಗೊಂಡೋರನ್ನ ಯಾರೂ ಬಾಗಿಲಲ್ಲಿ ನಿಲ್ಸಲ್ಲ ಅಲ್ವಾ ಅಕ್ಕಾ?" ಎಂದಳಂತೆ.

ಅವಳ ಬಸ್ಸು ತಡವಾಯಿತು. ಸ್ಮಾರಕದ ವೇಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಐದರ ಗಂಟೆ ಹೊಡೆದು, ನಾನು ಮುಂಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಹಿಡಿದು ಹೊರಗಿನ ಮೆಟ್ಟಿಲಿಳಿಯುತ್ತಿದ್ದೆ. ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಅಂಗಳದಲ್ಲಿ ನಿಂತು "ಆದರೆ"ಯ ಉಳಿದ ಭಾಗವನ್ನು ಬೋಧಿಸುತ್ತಿದ್ದರು. ಆಗ ಗೇಟು ತೆರೆದುಕೊಂಡು ಒಬ್ಬ ಹೆಂಗಸು ಬಂದಳು. ತಲೆ ಪೂರ್ತಿ ನೆರೆತಿತ್ತು, ಕಂಕುಳಲ್ಲಿ ಬಟ್ಟೆಯ ಚೀಲ, ಕೊರಳಲ್ಲಿ ಅಳತೆ ಟೇಪು ತೆಗೆಯುವುದನ್ನೇ ಮರೆತಿದ್ದಳು. ಸೀದಾ ಯಜಮಾನರ ಮುಂದೆ ನಿಂತಳು.

"ಒಂದು ಟಿಕೆಟ್ ಕೊಡಿ ಭಾವ."

ಯಜಮಾನರು ಯಾರೆಂದು ನೋಡದೆ, ಅಭ್ಯಾಸಬಲದಿಂದ "ಟೈಮಾಯ್ತು" ಎಂದರು. ಆಮೇಲೆ ತಲೆ ಎತ್ತಿದರು. ಅವರ ಮುಖ ಬಿಳಿಚಿಕೊಂಡಿತು.

"ಹೌದು ಭಾವ, ತುಂಬಾ ಟೈಮಾಯ್ತು," ಎಂದಳು ತಂಗಿ. ಎಂದವಳೇ ಅವರನ್ನು ದಾಟಿ ಬಂದು, ಒಂದೊಂದೇ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತು, ತಟ್ಟಲು ಕೈ ಎತ್ತಿದಳು.

ಅಲ್ಲಿಗೇ ಕೈ ನಿಂತಿತು. ಹಳೆಯ ಬಾಗಿಲು, ಅದೇ ಹಿಡಿಕೆ. ತಟ್ಟಲು ಅವಳಿಂದ ಆಗಲಿಲ್ಲ. ಅಂಗಳದಲ್ಲಿ ವಿದ್ಯಾರ್ಥಿಗಳೆಲ್ಲ ಒಮ್ಮೆಗೇ ಸ್ತಬ್ಧರಾದರು. ವರ್ಷಗಟ್ಟಲೆ ಕಲಿತ ಪಾಠ ಕಣ್ಣೆದುರಿಗೆ ನಿಂತಿತ್ತು. "ಯಾರೂ ಮಾತಾಡ್ಬೇಡಿ," ಎಂದು ಪ್ರಾಧ್ಯಾಪಕರು ಪಿಸುಗುಟ್ಟಿದರು.

ಆಗ ಒಳಗಿನ ಮೆಟ್ಟಿಲ ಮೇಲಿಂದ ಲೇಖಕಿಯವರ ದನಿ ಕೇಳಿಸಿತು. ಕಿಟಕಿ ತೆರೆದಿತ್ತು, ಅವರಿಗೆ ತಂಗಿಯ ಮಾತು ಕೇಳಿಸಿರಬೇಕು. ಅವರು ವಾಕ್ಯ ಓದುವ ದನಿಯಲ್ಲಿ, ನಿಧಾನವಾಗಿ ಓದಿದರು.

"ಅವಳು ಬಾಗಿಲು ತಟ್ಟಲು ಕೈ ಎತ್ತಿದಳು, ಆದರೆ ಅಕ್ಕ ಅಂದು ಡ್ಯೂಟಿಗೆ ಹೋಗಿರಲಿಲ್ಲ."

ಓದಿ, ಯಾವಾಗಿನಂತೆ ಸುಮ್ಮನೆ ಕಾದರು.

ಎಲ್ಲರೂ ಯಜಮಾನರ ಕಡೆ ನೋಡಿದೆವು. ಅವರು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಪ್ರಾಧ್ಯಾಪಕರು ಅವರಿಗೆ ಕಣ್ಣಲ್ಲೇ ಕೈ ಮುಗಿಯುತ್ತಿದ್ದರು. ಬಾಗಿಲಲ್ಲಿ ತಂಗಿಯ ಕೈ ಇನ್ನೂ ಮೇಲೆಯೇ ಇತ್ತು, ನೋಯುತ್ತಿತ್ತೇನೋ. ಯಜಮಾನರು ಅದನ್ನು ನೋಡಿದರು. ಚೀಲವನ್ನು ಭುಜದಿಂದ ತೆಗೆದು ನೆಲಕ್ಕಿಟ್ಟರು. ಆಮೇಲೆ ಕಣ್ಣು ಮುಚ್ಚಿಕೊಂಡು, ಹಿಂದಿನ ಸೀಟಿನವರಿಗೂ ಕೇಳಿಸುವ ಹಾಗೆ ಕೂಗಿದರು.

"ರೈಟ್."

ನಾನು ಬೀಗ ತೆಗೆದೆ. ಕಂಡಕ್ಟರು ರೈಟ್ ಅಂದ ಮೇಲೆ ಗಾಡಿ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಬಾಗಿಲು ತೆರೆಯಿತು, ಅಕ್ಕ ಮೆಟ್ಟಿಲಿಳಿದು ಬಂದು ತಂಗಿಯ ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಒಳಗೆ ಎಳೆದುಕೊಂಡರು. ನನಗೆ ಕಣ್ಣು ತುಂಬಿ ಬಂತು. ಕರ್ತವ್ಯದ ಮೇಲಿರುವಾಗ ಇದಕ್ಕೆ ಅವಕಾಶವಿಲ್ಲ, ಆದರೂ ಬಂತು.

ಮಾರನೆಯ ದಿನ ನಿರ್ದೇಶಕರು ತುರ್ತು ಸಭೆ ಕರೆದರು. ಕಾದಂಬರಿ ಮುಗಿದಿದೆ, ಅದೂ ಸಾಕ್ಷಿಗಳ ಎದುರು ಎಂದು ಪ್ರಾಧ್ಯಾಪಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅನುದಾನ ಹೋಯಿತು ಎಂದು ನಿರ್ದೇಶಕರು ಬೆವರೊರೆಸಿಕೊಂಡರು. ಪ್ರತ್ಯಕ್ಷದರ್ಶಿಯಾಗಿ ನನ್ನ ಹೇಳಿಕೆ ಕೇಳಿದರು. ನಾನು ಹುಟ್ಟಿ ಬೆಳೆದದ್ದೇ ನಿಯಮಗಳ ನಡುವೆ. ಘಟನೆ ಐದು ಗಂಟೆಯ ನಂತರ ನಡೆದಿದೆ, ಕಚೇರಿ ವೇಳೆಯ ನಂತರ ನಡೆದದ್ದು ಇಲಾಖೆಯ ಗಮನಕ್ಕೆ ಬರುವಂತಿಲ್ಲ, ಬಾರದ್ದು ನಡೆದಂತೆ ಆಗುವುದಿಲ್ಲ ಎಂದು ಹೇಳಿಕೆ ಕೊಟ್ಟೆ. ನಂತರ ನಿರ್ದೇಶಕರು ನನಗೆ ಕಾಫಿ ತರಿಸಿದರು.

ಹೀಗೆ ಈಗ ಜಾರಿಯಲ್ಲಿರುವ ಆದೇಶ ಹೊರಬಿತ್ತು. ಅದನ್ನು ಗೇಟಿನಲ್ಲಿ ಹಾಕಿದೆ: "ಈ ಕಾದಂಬರಿಯು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಪೂರ್ಣವಾಗಿರುತ್ತದೆ. ರಜಾ ದಿನಗಳನ್ನು ಹೊರತುಪಡಿಸಿ."

ತಂಗಿ ಅಕ್ಕನ ಜೊತೆಗೇ ಉಳಿದದ್ದರಿಂದ ಪ್ರಾಧ್ಯಾಪಕರು ಒಂದೇ ಒಂದು ತಿದ್ದುಪಡಿ ಕೇಳಿದರು. ಕಥಾನಾಯಕಿ ಒಳಗೆ ಓಡಾಡಿಕೊಂಡಿದ್ದರೆ ಕಾದಂಬರಿ ಅಪೂರ್ಣ ಎಂದು ವಿದ್ಯಾರ್ಥಿಗಳಿಗೆ ಹೇಗೆ ಪಾಠ ಮಾಡುವುದು, ಕಚೇರಿ ವೇಳೆಯಲ್ಲಿ ಆಕೆ ಬಾಗಿಲ ಹೊರಗಿರಬೇಕು ಎಂದರು. ತಂಗಿಯನ್ನು ಕೇಳಿದೆವು. ಅಲ್ಲಿ ನೆರಳು ಇರುತ್ತದೆಯೇ ಎಂದಷ್ಟೇ ಕೇಳಿದರು. ಇರುತ್ತದೆ ಎಂದ ಮೇಲೆ ತಮ್ಮ ಹೊಲಿಗೆ ಯಂತ್ರವನ್ನು ತರಿಸಿ ಬಾಗಿಲ ಪಕ್ಕ ಹಾಕಿಕೊಂಡರು. ಭಾವಮೈದುನ ಅವರ ಅಳತೆಗೆ ಒಂದು ತೊಟ್ಟಿ ಮಾಡಿಕೊಡಲು ಬಂದಿದ್ದ. ಅವರು ಕೊರಳಲ್ಲಿದ್ದ ಟೇಪಿನಿಂದ ಅವನ ಅಳತೆ ತೆಗೆದು, ನಿನಗೆ ಅಂಗಿ ಬಿಗಿಯಾಗಿದೆ, ತಂದುಕೊಡು ಸಡಿಲ ಮಾಡುತ್ತೇನೆ ಎಂದು ಕಳಿಸಿದರು.

ಈಗ ಎಲ್ಲವೂ ಕ್ರಮಬದ್ಧವಾಗಿದೆ. ದಿನವಿಡೀ ತಂಗಿ ಬಾಗಿಲಲ್ಲಿ ಕೂತು ಹೊಲಿಯುತ್ತಾರೆ. ಯಜಮಾನರು ಜನರನ್ನು ಮುಂದೆ ಹೋಗಿ ಎಂದು ಕಳಿಸಿದಾಗ ಎದ್ದು, ತಟ್ಟಲು ಕೈ ಎತ್ತಿ ನಿಲ್ಲುತ್ತಾರೆ. ಮಂಡಿ ನೋವಿರುವ ದಿನ ಕೂತೇ ಎತ್ತಲು ವಿನಾಯಿತಿ ಇದೆ. 'ಕಥಾನಾಯಕಿ, ಒಂದು, ಸುಸ್ಥಿತಿ' ಎಂದು ಗುಮಾಸ್ತ ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅಕ್ಕ ಒಳಗಿನಿಂದ ಕಿಟಕಿಗೆ ಬಂದು, ಸಂಜೆಗೆ ಏನು ಅಡುಗೆ ಮಾಡಲಿ ಎಂದು ಸನ್ನೆಯಲ್ಲೇ ಕೇಳುತ್ತಾರೆ. ಐದು ಹೊಡೆಯುತ್ತಿದ್ದಂತೆ ಯಜಮಾನರು ಚೀಲ ಇಳಿಸಿ "ರೈಟ್" ಎನ್ನುತ್ತಾರೆ. ಆ ಹೊತ್ತಿಗೆ ನಾನು ದಿನಾ ಬೆನ್ನು ತಿರುಗಿಸಿ ಜೇಬಿನಲ್ಲಿ ಕೀಲಿಕೈ ಹುಡುಕುತ್ತಿರುತ್ತೇನೆ, ಅದು ಕೈಯಲ್ಲೇ ಇರುತ್ತದೆ. ಆಮೇಲೆ ಮೆಟ್ಟಿಲ ಮೇಲಿಂದ ಹೊಸ ಪುಸ್ತಕದ ವಾಕ್ಯಗಳು ಕೇಳಿಸುತ್ತವೆ. ಹೋಲ್ಡಾನ್‌ಗಳೂ ಕೇಳಿಸುತ್ತವೆ, ಈಗ ಅವು ನಿಜವಾದವು.

ಕಳೆದ ವಾರ ದೂರದಿಂದ ಒಬ್ಬ ಹುಡುಗಿ ಬಂದಿದ್ದಳು. ತೊಟ್ಟಿಯಲ್ಲಿದ್ದ ಕೊನೆಯ ಸಾಲನ್ನು ಓದಿ, ಬಾಗಿಲಿಗೆ ಬಂದು, ಕೈ ಎತ್ತಿ ನಿಂತಿದ್ದ ತಂಗಿಯನ್ನು ಕೇಳಿದಳು, "ಅಜ್ಜೀ, 'ಆದರೆ' ಆದ್ಮೇಲೆ ಏನಾಗುತ್ತೆ?"

ತಂಗಿ ನನ್ನ ಕಡೆ ಒಮ್ಮೆ ನೋಡಿದರು, ಇಲಾಖೆಯವನು ಇದ್ದಾನಲ್ಲ ಎಂದು. ಆಮೇಲೆ ಹುಡುಗಿಯ ಕಿವಿಯ ಹತ್ತಿರ ಬಗ್ಗಿದರು.

"ಐದು ಗಂಟೆ ಆಗುತ್ತೆ," ಎಂದರು.